ಐವತ್ತು ದಾಟಿದವರಿಗೆ ಸ್ಕಾಲರ್‌ಶಿಪ್

ಕೆಲವರ ಮನೆಗೆ ಕರೆಯದೆ ನೆಂಟರು ಬರುತ್ತಾರೆ, ನಮ್ಮ ಸಮಿತಿಗೆ ಕರೆಯದೆ ಎಡವಟ್ಟುಗಳು ಬರುತ್ತವೆ. ಬಂದವು ಊಟ ಮುಗಿಸಿ ಹೋಗುವ ಜಾತಿಯವೂ ಅಲ್ಲ.

ನಾನು ಕೆಲಸ ಮಾಡುವುದು ಮಸ್ಕತ್ ನಗರದ ಅಲ್ ಖೌದ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್ ಆಗಿ. ಬಾಯಿ ತೆರೆಯಲು ಹೆದರುವವರನ್ನು ದಿನವಿಡೀ ಸಮಾಧಾನ ಮಾಡಿ ಮನೆಗೆ ಬಂದರೆ, ಬಾಯಿ ಮುಚ್ಚಲು ಒಪ್ಪದವರನ್ನು ಸಂಭಾಳಿಸುವ ಇನ್ನೊಂದು ಕೆಲಸ ಕಾದಿರುತ್ತದೆ. ನಮ್ಮ ಭಜನಾ ಮಂಡಳಿಯ ಸ್ಕಾಲರ್‌ಶಿಪ್ ಸಮಿತಿಗೆ ನಾನು ಸಂಚಾಲಕಿ. ಸಂಬಳವಿಲ್ಲದ ಈ ಹುದ್ದೆಗೆ ನನ್ನನ್ನು ಆರಿಸಿದ ದಿನ ನಾನು ಸಭೆಗೇ ಹೋಗಿರಲಿಲ್ಲ.

ಸ್ಕಾಲರ್‌ಶಿಪ್ ಎಂದ ಕೂಡಲೇ ಶಾಲೆಯ ಮಕ್ಕಳನ್ನು ನೆನೆಯಬೇಡಿ. ಇದು ಮಂಡಳಿಯ ದೊಡ್ಡವರಿಗೆ, ಅಂದರೆ ಸೊಂಟನೋವು, ಓದುವ ಕನ್ನಡಕ, ಮನೆಸಾಲ ಎಲ್ಲ ಇರುವವರಿಗೆ. ವರ್ಷಕ್ಕೊಬ್ಬರು ಉಡುಪಿ ಕಡೆಯ ಒಂದು ಆಶ್ರಮಕ್ಕೆ ಹೋಗಿ, ಅಲ್ಲೇ ಉಳಿದು, ವೇದಾಂತ ಶಿಬಿರದಲ್ಲಿ ಪಾಠ ಕೇಳಿ ಬರಬೇಕು. ಫೋನನ್ನು ಗೇಟಿನಲ್ಲೇ ಕೊಡಬೇಕು. ಪಾಠದ ಹೊತ್ತು ಬಿಟ್ಟರೆ ಪೂರ್ತಿ ಮೌನ. ಮೊದಲ ವರ್ಷ ಆಯ್ಕೆಯಾದವರ ಫೋಟೋ ನೋಡಿ ನನ್ನ ಮಗಳು, "ಮಮ್ಮಿ, ದಿಸ್ ಅಂಕಲ್ ಈಸ್ ಬಾಲ್ಡ್! ವಿಚ್ ಗ್ರೇಡ್ ಈಸ್ ಹಿ ಇನ್?" ಎಂದು ಕೇಳಿದ್ದಳು.

ಇದರ ಖರ್ಚೆಲ್ಲ ಸಹಮ್ ಧಣಿಗಳದ್ದು. ಕಾರ್ಕಳದ ಕಡೆಯವರು. ಒಮಾನಿನ ಸಹಮ್‌ನಲ್ಲಿ ತೋಟಗಳಿಗೆ ಪೈಪು, ಪಂಪು ಮಾರುವ ಅಂಗಡಿ ಇಟ್ಟುಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಅವರಿಗೊಂದು ಪ್ರಶ್ನೆ ಇತ್ತು. "ಅಕ್ಕ, ನನ್ನ ಗುರುತಿನ ಕಾರ್ಡಿನಲ್ಲಿ ಇರುವುದು ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಸೇರಿ ನನಗೇ ಗುರ್ತ ಸಿಗದ ಒಂದು ಹೆಸರು. ಒಮಾನಿಗಳಿಗೆ ಹಿಂದೂ ವ್ಯಾಪಾರಿ ಅಂದ್ರೆ ಬನಿಯನ್, ಹಾಗೇ ಕರೀತಾರೆ. ಅಂಗಡಿಯ ಬಂಗಾಳಿಗಳು ಸೇಟ್ ಅಂತಾರೆ. ಊರಲ್ಲಿ ದುಬಾಯಿಯಣ್ಣ ಅಂತಾರೆ, ನಾನು ದುಬಾಯಿ ನೋಡಿಯೇ ಇಲ್ಲ. ಹೆಂಡತಿ 'ಇವ್ರೇ' ಅಂತಾಳೆ. ಹಾಗಾದ್ರೆ ನಾನು ಅಂದ್ರೆ ಯಾರು? ಸಾಯುವ ಮೊದಲು ಅದೊಂದು ಗೊತ್ತಾಗ್ಬೇಕು."

"ನೀವೇ ಶಿಬಿರಕ್ಕೆ ಹೋಗಿ ಕೇಳಬಹುದಲ್ಲ?"

"ಅಂಗಡಿ ಬಿಟ್ಟು ಹೇಗೆ ಹೋಗುದು? ಹೋದವರು ಕಲಿತು ಬಂದು ನನಗೆ ಹೇಳ್ಲಿ. ಸಾಕು."

ಊರಿಂದ ಬರುವವರ ಕೈಯಲ್ಲಿ ಹಪ್ಪಳ ತರಿಸಿಕೊಂಡ ಹಾಗೆ ಧಣಿಗಳು ವೇದಾಂತ ತರಿಸಿಕೊಳ್ಳಲು ಹೊರಟಿದ್ದರು. ಅದಕ್ಕೆಂದು ಎರಡೇ ನಿಯಮ ಮಾಡಿದರು. ಹಿಂತಿರುಗಿದವರು ಮಂಡಳಿಯ ಮುಂದೆ ನಿಂತು ಕಲಿತದ್ದನ್ನು ಹೇಳಬೇಕು. ಒಮ್ಮೆ ಹೋದವರಿಗೆ ಇನ್ನೊಮ್ಮೆ ಇಲ್ಲ.

ಮೌನ ಯಾರಿಗೆ ಬೇಕು

ಮೊದಲ ವರ್ಷದ ಆಯ್ಕೆ ನಮ್ಮ ಮನೆಯ ಹಾಲಿನಲ್ಲೇ ನಡೆಯಿತು. ಒಬ್ಬರು ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದರು. ಇನ್ನೊಬ್ಬರು ಶಿಬಿರದಲ್ಲಿ ಓವರ್‌ಟೈಮ್ ಇದೆಯಾ ಎಂದು ಕೇಳಿದರು. "ಓವರ್‌ಟೈಮ್ ಧ್ಯಾನವಾ?" ಎಂದೆ. "ಅಲ್ಲ ಮೇಡಂ, ಬೆಳಿಗ್ಗೆ ಐದಕ್ಕೇ ಏಳಿಸ್ತಾರಂತೆ, ಅದಕ್ಕೆ ಕೇಳಿದೆ," ಎಂದರು.

ಆಮೇಲೆ ಬಂದವರು ಒಬ್ಬ ಗೃಹಿಣಿ. ಮಂಗಳೂರಿನವರು. ಶಿಬಿರದ ವಿವರವನ್ನೆಲ್ಲ ಕಣ್ಣರಳಿಸಿಕೊಂಡು ಕೇಳಿದರು. "ಪೂರ್ತಿ ಮೌನವಾ? ಊಟ ಮಾಡುವಾಗಲೂ? ಉಪ್ಪು ಕಡಿಮೆ ಅಂತ ಕೂಡ ಹೇಳ್ಲಿಕ್ಕಿಲ್ವಾ?"

"ಇಲ್ಲ. ನಿಮಗೆ ಆಗುತ್ತಾ?"

"ನನಗಲ್ಲ ಮಾರಾಯ್ರೆ, ನನ್ನ ಗಂಡನಿಗೆ. ಅವರ ಪರವಾಗಿ ನಾನು ಬಂದದ್ದು. ಈ ಪುಣ್ಯ ಒಂದು ಕಟ್ಟಿಕೊಳ್ಳಿ."

ನೋಡೋಣ ಎಂದು ಕಳಿಸಿದೆ. ಅವರು ಲಿಫ್ಟಿನಲ್ಲಿ ಇಳಿಯುವಷ್ಟರಲ್ಲಿ ಮೆಟ್ಟಿಲಿನಿಂದ ಅವರ ಯಜಮಾನರು ಏದುಸಿರು ಬಿಡುತ್ತ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ, "ನನ್ನ ಹೆಂಡತಿಯ ಹೆಸರು ಹಾಕಿ. ಅವಳಿಗೆ ಅಧ್ಯಾತ್ಮದಲ್ಲಿ ಭಾರೀ ಆಸಕ್ತಿ. ಮತ್ತೆ, ಆ ಮೌನ ಇನ್ನೂ ಸ್ವಲ್ಪ ಜಾಸ್ತಿ ದಿನದ್ದು ಸಿಗ್ತದಾ?" ಎಂದರು.

ಇಬ್ಬರಲ್ಲಿ ಒಬ್ಬರನ್ನು ಕಳಿಸಿದರೂ ಇನ್ನೊಬ್ಬರಿಗೆ ಮೋಕ್ಷ ಗ್ಯಾರಂಟಿ ಇತ್ತು. ಜಗಳ ಬೇಡವೆಂದು ಆ ವರ್ಷ ಮೈಸೂರಿನ ಎಂಜಿನಿಯರ್ ಒಬ್ಬರನ್ನು ಆರಿಸಿದೆವು.

ಪಾಸಾ, ಫೇಲಾ?

ಈ ಎಂಜಿನಿಯರ್ ಕೆಲಸ ಮಾಡುವುದು ಒಳನಾಡಿನ ಇಬ್ರಾ ಪಟ್ಟಣದಲ್ಲಿ. ಶುಕ್ರ, ಶನಿವಾರದ ರಜೆಗೆ ಗುರುವಾರ ಸಂಜೆ ಅಲ್ ಖೌದ್‌ನ ಮನೆಗೆ ಬಂದು ಶನಿವಾರ ಹಿಂತಿರುಗುವವರು. ಅವರ ಒಮಾನಿ ಬಾಸು ಒಳ್ಳೆಯ ಮನುಷ್ಯ. ರಜೆಗೆ ಕಾರಣ "ಓದು" ಎಂದದ್ದು ಕೇಳಿ ಅವರಿಗೆ ತುಂಬ ಕನಿಕರ ಹುಟ್ಟಿತಂತೆ. ಬಾಗಿಲು ಹಾಕಿ, ಹತ್ತಿರ ಕೂರಿಸಿಕೊಂಡು, ಮೆಲ್ಲಗೆ ಕೇಳಿದರಂತೆ: "ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಯಾವ ಪರೀಕ್ಷೆ ಉಳಿದುಹೋಗಿದೆ?"

ಪರೀಕ್ಷೆ ಅಲ್ಲ, ಆತ್ಮದ ಬಗ್ಗೆ ಪಾಠ ಎಂದು ಇವರು ಬಿಡಿಸಿ ಹೇಳಿದರು. ಬಾಸು ತಲೆದೂಗಿ, "ನಾಚಿಕೆ ಬೇಡ. ನನ್ನ ತಮ್ಮನೂ ಗಣಿತ ಮೂರು ಸಲ ಬರೆದ," ಎಂದು ಬೆನ್ನು ತಟ್ಟಿ ರಜೆ ಕೊಟ್ಟರು.

ಹಿಂತಿರುಗಿದ ದಿನ ಇಡೀ ಆಫೀಸು ಎದ್ದು ನಿಂತಿತ್ತು. ಬಾಸು ಕೇಳಿದ್ದು ಒಂದೇ, "ಪಾಸಾ, ಫೇಲಾ?" ಅಷ್ಟು ಜನರ ಮುಂದೆ ಏನು ಹೇಳುವುದು? ಎಂಜಿನಿಯರ್ ಬಾಯಲ್ಲಿ "ಪಾಸ್" ಎಂದು ಬಂದೇಬಿಟ್ಟಿತು. ತಟ್ಟೆ ತಟ್ಟೆ ಹಲ್ವಾ ಬಂತು, ಒಮಾನಿ ಕಾಫಿ ಕಾವಾ ಬಂತು, ಫೋಟೋ ಆಯಿತು.

ಫಜೀತಿ ಶುರುವಾದದ್ದು ಆಮೇಲೆ. ಆತ್ಮದಲ್ಲಿ ಪಾಸಾದ ಮನುಷ್ಯ ಆಫೀಸಿನಲ್ಲಿ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು ಎಂದು ಬಾಸು ಎಲ್ಲ ತಕರಾರನ್ನೂ ಇವರ ಟೇಬಲ್ಲಿಗೆ ಕಳಿಸತೊಡಗಿದರು. ನೆರಳಿನ ಪಾರ್ಕಿಂಗ್ ಯಾರಿಗೆ? ಎಸಿ ಇಪ್ಪತ್ತೆರಡಕ್ಕಿರಬೇಕೋ ಇಪ್ಪತ್ನಾಲ್ಕಕ್ಕೋ? ಫ್ರಿಜ್ಜಿನಲ್ಲಿದ್ದ ಮೀನಿನ ಡಬ್ಬಿ ಯಾರದು? ಸಸ್ಯಾಹಾರಿ ಎಂಜಿನಿಯರ್ ಮೂಗು ಹಿಡಿದು ಮೀನಿನ ಡಬ್ಬಿಯ ಮೇಲೆ ತೀರ್ಪು ಕೊಟ್ಟರು.

ನಮ್ಮ ಮಂಡಳಿಯಲ್ಲಿ ಅವರ ವರದಿಯ ದಿನ ಧಣಿಗಳು ಸಹಮ್‌ನಿಂದ ಎರಡು ತಾಸು ಗಾಡಿ ಓಡಿಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಕೊನೆಗೆ ಎದ್ದು ಕೈಮುಗಿದು ಕೇಳಿದರು: "ಹಾಗಾದ್ರೆ ನಾನು ಅಂದ್ರೆ ಯಾರು?"

ಎಂಜಿನಿಯರ್ ಗಂಟಲು ಸರಿ ಮಾಡಿಕೊಂಡರು. "ಸಾರ್, ಅದು ನೆಕ್ಸ್ಟ್ ಲೆವೆಲ್ ಕೋರ್ಸಲ್ಲಿ ಬರುತ್ತೆ. ನನಗೆ ಸದ್ಯಕ್ಕೆ ಪಾರ್ಕಿಂಗ್ ತನಕ ಗೊತ್ತು."

ಆಶ್ರಮದ ಗೇಟಿನಲ್ಲಿ ಮಸ್ಕತ್

ಇಲ್ಲಿಂದ ಊರಿಗೆ ಹೊರಟವರನ್ನು ಬರಿಗೈಯಲ್ಲಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. "ಒಂದು ಸಣ್ಣ ಕವರ್ ಅಷ್ಟೇ" ಎಂದು ಹೇಳಿಕೊಂಡು ಬಂದವರ ಕೈಯಲ್ಲಿ ಕುಕ್ಕರ್ ಇರುತ್ತದೆ. ಮರುವರ್ಷ ಆಯ್ಕೆಯಾದದ್ದು ಕುಂದಾಪುರದ ಒಬ್ಬರು, ಇಲ್ಲ ಎಂದು ಹೇಳಲು ಬಾರದ ಜೀವ. ಖರ್ಜೂರ, ಹಲ್ವಾ, ಹಾಲಿನ ಪುಡಿ, ನೋವಿನ ಮುಲಾಮು, ಯಾರದೋ ಅತ್ತೆಗೆ ಬಿಪಿ ನೋಡುವ ಮೆಷಿನ್ನು, ಇನ್ಯಾರದೋ ಮಿಕ್ಸಿಯ ಮುಚ್ಚಳ. ತೂಕ ಹೆಚ್ಚಾದಾಗ ಅವರು ತೆಗೆದಿಟ್ಟದ್ದು ತಮ್ಮ ಬಟ್ಟೆಗಳನ್ನು. ಆಶ್ರಮಕ್ಕೆ ಇಳಿದಾಗ ಅವರ ಬಳಿ ಇದ್ದದ್ದು ಮೈಮೇಲಿನ ಪ್ಯಾಂಟು, ಒಂದು ಪಂಚೆ ಮತ್ತು ಅರ್ಧ ಅಲ್ ಖೌದ್.

ಮಾರನೆಯ ಬೆಳಿಗ್ಗೆಯಿಂದಲೇ ಗೇಟಿನಲ್ಲಿ ನೆಂಟರ ಸಾಲು. ಒಳಗೆ ಆಚಾರ್ಯರು "ನನ್ನದು ಎಂಬುದು ಏನೂ ಇಲ್ಲ" ಎಂದು ಪಾಠ ಮಾಡುತ್ತಿದ್ದರೆ, ಹೊರಗಿನಿಂದ "ನಮ್ಮದು ನೀಲಿ ಕವರ್!" ಎಂದು ಕೂಗು. ಪಾಪ, ಇವರಿಗೆ ಮೌನವ್ರತ. ಕೈಸನ್ನೆಯಲ್ಲೇ ವಿತರಣೆ ನಡೆಯಿತು.

ಅಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ಒಬ್ಬ ತಾಯಿ, "ನನ್ನ ಮಗ ಸೊಸೆ ಹೇಗಿದ್ದಾರೆ?" ಎಂದು ಕೇಳಿದರು. ಚೆನ್ನಾಗಿ ತಿಂದುಂಡು ದಪ್ಪಗಿದ್ದಾರೆ ಎನ್ನಲು ಇವರು ಎರಡೂ ಕೈಯನ್ನು ಹೊಟ್ಟೆಯ ಮುಂದೆ ಉಬ್ಬಿಸಿ ತೋರಿಸಿ ನಕ್ಕರು. ಆ ತಾಯಿ ಅಲ್ಲೇ ಕಣ್ಣೀರು ಹಾಕಿ, ಗೇಟಿಗೇ ಕೈಮುಗಿದು, ಓಡುತ್ತ ಮನೆಗೆ ಹೋದರು. ಸಂಜೆಯೊಳಗೆ ಅಲ್ ಖೌದ್‌ನಲ್ಲಿದ್ದ ಸೊಸೆಗೆ ಹದಿನೈದು ಜನರ ಅಭಿನಂದನೆಯ ಫೋನು. ಅವಳು ಡಯಟ್ ಶುರು ಮಾಡಿ ಒಂದು ವಾರವಾಗಿತ್ತು. ಹಸಿರು ಬಳೆ, ಮಲ್ಲಿಗೆ, ಉಂಡೆಗಳ ಡಬ್ಬಿ ಎಲ್ಲ ವಾಪಸು ಬರುವ ಸಾಮಾನಿನಲ್ಲಿ ಸೇರಿದವು.

ವರದಿಯ ದಿನ ಧಣಿಗಳು ಎದ್ದು ತಮ್ಮ ಪ್ರಶ್ನೆ ಕೇಳಿದರು. ಕುಂದಾಪುರದವರು ಅಪರಾಧಿಯ ಹಾಗೆ ನಿಂತು, "ಪಾಠ ಕೇಂಬುಕೇ ಆಯ್ಲಿಲ್ಲ ಧಣಿಗಳೇ. ಆದ್ರೆ ನಿಮಗೆ ಅಂಬಟೆಕಾಯಿ ಉಪ್ಪಿನಕಾಯಿ ಬಂದಿತ್," ಎಂದು ಡಬ್ಬಿ ಕೊಟ್ಟರು.

ಆಚಾರ್ಯರಾದರೂ ಇವರನ್ನು ಗದರಲಿಲ್ಲವೇ ಎಂದು ನಾನು ಕೇಳಿದೆ. ಕೊನೆಯ ದಿನ ಅವರೇ ಕೋಣೆಗೆ ಕರೆಸಿದರಂತೆ. ಇವರು ಬೈಗುಳಕ್ಕೆ ಸಿದ್ಧರಾಗಿ ಹೋದರೆ, ಆಚಾರ್ಯರು ಬಾಗಿಲು ಹಾಕಿ ಒಂದು ಪೊಟ್ಟಣ ಮುಂದಿಟ್ಟರಂತೆ. "ನಮ್ಮ ಅಕ್ಕನ ಮಗ ಮಸ್ಕತ್‌ನಲ್ಲೇ ಇದ್ದಾನೆ. ಸ್ವಲ್ಪ ಹಲಸಿನ ಹಪ್ಪಳ. ನಿಮಗೆ ಭಾರ ಆಗದಿದ್ದರೆ."

ಸಾರಿನ ಪುಡಿ

ಮೂರನೆಯ ಸಲ, ಪಾರ್ಸೆಲ್ ಹೊರದ ಗಟ್ಟಿ ಹೆಂಗಸೊಬ್ಬರನ್ನು ಕಳಿಸಿದೆ. ಬೆಂಗಳೂರಿನವರು, ಬ್ಯಾಂಕಿನಲ್ಲಿ ಕೆಲಸ. ವರದಿಯ ದಿನ ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿದರು. ನಮ್ಮ ಮಂಡಳಿಯವರು ಟಿಪ್ಪಣಿ ಮಾಡಿಕೊಂಡದ್ದನ್ನು ಕಂಡದ್ದು ನಾನು ಅದೇ ಮೊದಲು, ಅದೇ ಕೊನೆ. ಮಾತಾಡಿದ್ದು ಪೂರ್ತಿ ಆಶ್ರಮದ ಸಾರಿನ ಬಗ್ಗೆ. ಕೊತ್ತಂಬರಿಯನ್ನು ಎಷ್ಟು ಹುರಿಯಬೇಕು, ಮೆಂತ್ಯ ಯಾವಾಗ ಹಾಕಬೇಕು, ಬೆಲ್ಲ ಯಾಕೆ ಕೊನೆಗೆ ಎಂದು.

ಧಣಿಗಳು ಎದ್ದು, ಈ ಸಲ ಸ್ವಲ್ಪ ಸೋತ ಧ್ವನಿಯಲ್ಲಿ, "ಅಮ್ಮ, ನಾನು ಅಂದ್ರೆ ಯಾರು?" ಎಂದು ಕೇಳಿದರು.

"ನಿಮಗೆ ಶುಗರ್ ಅಲ್ವಾ? ಹಾಗಾದ್ರೆ ಬೆಲ್ಲ ಬೇಡ," ಎಂದರು ಆಕೆ.

ಶಾಲು

ಆ ಸಂಜೆ ಧಣಿಗಳು ಊಟಕ್ಕೆ ಕೂರಲಿಲ್ಲ. ನೋಡಿದರೆ ಹೊರಗೆ ತಮ್ಮ ಪಿಕಪ್ಪಿನಲ್ಲಿ ಎಸಿ ಹಾಕಿಕೊಂಡು ಒಬ್ಬರೇ ಕೂತಿದ್ದರು.

"ಅಕ್ಕ, ಊರಿಂದ ಎಂತ ತರ್ಲಿಕ್ಕೆ ಹೇಳಿದ್ರೂ ಬರ್ತದೆ. ಒಮ್ಮೆ ಜೀವಂತ ಬಸಳೆ ಬಳ್ಳಿಯೇ ಬಂದಿದೆ. ಇದೊಂದು ಮಾತ್ರ ಬರುದಿಲ್ಲ. ನಿಲ್ಲಿಸಿಬಿಡುವ," ಎಂದರು.

ಆ ಮುಖ ನೋಡಿ ನಾನು ಪಿಕಪ್ಪಿನ ಬಾಗಿಲು ತೆರೆದು ಪಕ್ಕದಲ್ಲೇ ಕೂತೆ. ಸಿಟ್ಟೂ ಬಂತು. "ಧಣಿಗಳೇ, ಬರುವ ಸಲದ ಸ್ಕಾಲರ್‌ಶಿಪ್ ನಿಮಗೇ. ಸಂಚಾಲಕಿ ನಾನು. ಎದುರು ಮಾತಾಡಬೇಡಿ," ಎಂದೆ.

"ಅಂಗಡಿ?"

ಅಂಗಡಿಗೆ ಅವರ ಕಫೀಲ್ ಇದ್ದರು. ಧಣಿಗಳ ವೀಸಾಕ್ಕೆ ಜಾಮೀನು ನಿಂತ ಒಮಾನಿ ಹಿರಿಯರು, ಎಷ್ಟೋ ವರ್ಷಗಳಿಂದ ದಿನಾ ಸಂಜೆ ಧಣಿಗಳ ಜೊತೆ ಚಹಾ ಕುಡಿಯುವ ಸ್ನೇಹಿತರು. ಗಲ್ಫಿನ ಹಿಂದಿ ಚೆನ್ನಾಗಿ ಬರುತ್ತಿತ್ತು. "ಯಲ್ಲಾ, ಜಾವ್! ದುಕಾನ್ ಮೈ ದೇಖೇಗಾ," ಎಂದರು. ದೇಖಿದ್ದು ಹೌದು. ಪೈಪು ಕೇಳಿ ಬಂದವರಿಗೆಲ್ಲ ಕಾವಾ ಕುಡಿಸಿ, ಖರ್ಜೂರ ತಿನ್ನಿಸಿ, ಮಾಲೀಕ ಬಂದ ಮೇಲೆ ಬನ್ನಿ ಎಂದು ಕಳಿಸಿದರು.

ಧಣಿಗಳು ಹೊರಟ ದಿನ ನಾನು ಏರ್‌ಪೋರ್ಟಿನಲ್ಲಿ ಕಾವಲು ನಿಂತೆ. ಬೀಳ್ಕೊಡಲು ಬಂದವರ ಕೈಯಲ್ಲಿದ್ದ ಒಂದೊಂದು ಸಣ್ಣ ಕವರನ್ನೂ ಕಿತ್ತುಕೊಂಡು ನನ್ನ ಕಾರಿಗೆ ತುಂಬಿದೆ. ಆ ಕಾರಿನಲ್ಲಿ ಇವತ್ತಿಗೂ ಮುಲಾಮಿನ ವಾಸನೆ ಹೋಗಿಲ್ಲ. "ಖರ್ಚು ಕೊಡುವವರು ನೀವೇ ಎಂದು ಅಲ್ಲಿ ಬಾಯಿಬಿಡಬೇಡಿ. ಸುಮ್ಮನೆ ವಿದ್ಯಾರ್ಥಿಯಾಗಿ ಕೂತು ಪಾಠ ಕೇಳಿ," ಎಂದು ಹೇಳಿ ಒಳಗೆ ಕಳಿಸಿದೆ.

ಅವರು ಬಾಯಿಬಿಡಲಿಲ್ಲ. ಬಿಟ್ಟದ್ದು ನಮ್ಮ ಎಂಜಿನಿಯರ್. "ನಮ್ಮ ಧಣಿಗಳು ಬರ್ತಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ," ಎಂದು ಆಶ್ರಮಕ್ಕೆ ಪ್ರೀತಿಯಿಂದ ಫೋನ್ ಮಾಡಿದ್ದರು.

ಮರುದಿನ ಕ್ಲಿನಿಕ್ಕಿಗೆ ಫೋನ್ ಬಂತು. "ಅಕ್ಕ, ನಾನು."

"ಫೋನ್ ಗೇಟಿನಲ್ಲಿ ಕೊಟ್ಟಿಲ್ವಾ?"

"ತಗೊಳ್ಳಿಲ್ಲ. ಗಣ್ಯರಿಗೆ ಆ ನಿಯಮ ಇಲ್ಲವಂತೆ. ಬಂದ ಕೂಡಲೇ ಶಾಲು ಹೊದೆಸಿದ್ರು, ಪೇಟ ಇಟ್ರು, ಹಣ್ಣಿನ ತಟ್ಟೆ ಕೊಟ್ರು, ಸ್ಟೇಜಿನ ಮೇಲೆ ಕೂರಿಸಿದ್ರು."

"ಪಾಠ ಕೇಳಿದ್ರಾ?"

"ಮೈಕಿನ ಪೆಟ್ಟಿಗೆ ಎಲ್ಲ ಆ ಕಡೆ ಮುಖ ಮಾಡಿ ಉಂಟು. ಸ್ಟೇಜಿನಲ್ಲಿ ಕೂತವನಿಗೆ ಗುಂಯ್ ಅಂತ ಮಾತ್ರ ಕೇಳ್ತದೆ."

ಕೆಳಗೆ ಹೋಗಿ ಕೂರಿ ಎಂದೆ. ಹೋದರೆ ಇಬ್ಬರು ಸ್ವಯಂಸೇವಕರು ಎರಡೂ ತೋಳು ಹಿಡಿದು ಭಕ್ತಿಯಿಂದ ಮತ್ತೆ ಮೇಲಕ್ಕೆ ತರುತ್ತಾರಂತೆ. ಮರುದಿನ ಮತ್ತೆ ಫೋನು: "ಇವತ್ತೂ ಶಾಲು." ಅದರ ಮರುದಿನ: "ಅಕ್ಕ, ಇವತ್ತು ರೇಷ್ಮೆ ಶಾಲು." ಅಳುವ ಧ್ವನಿ. ನನ್ನ ಎದುರು ದವಡೆ ಊದಿಸಿಕೊಂಡು ಕೂತಿದ್ದ ಪೇಷಂಟು ತನ್ನ ನೋವು ಮರೆತು, "ಯಾರಾದರೂ ತೀರಿಕೊಂಡರಾ?" ಎಂದು ಸನ್ನೆಯಲ್ಲಿ ಕೇಳಿದ.

ನಾಲ್ಕನೆಯ ದಿನ ಬಂದ ಫೋನಿನಲ್ಲಿ ಧಣಿಗಳ ಧ್ವನಿಯೇ ಬೇರೆ. ಬೆಳಿಗ್ಗೆ ಗೇಟಿನಲ್ಲಿ ಇವರದೇ ವಯಸ್ಸಿನ ಒಬ್ಬರು ಚೀಲ ಹಿಡಿದು ನಿಂತಿದ್ದರಂತೆ. ಮಸ್ಕತ್‌ನಿಂದ ಯಾರೋ ಬಂದಿದ್ದಾರೆ, ಮಗ ಏನಾದರೂ ಕಳಿಸಿರುತ್ತಾನೆ ಎಂದು ಪಾರ್ಸೆಲ್ ಕೇಳಿಕೊಂಡು ಬಂದವರು. ಆ ಪಾರ್ಸೆಲ್ ನನ್ನ ಕಾರಿನಲ್ಲಿತ್ತು. ಅವರನ್ನು ಬರಿಗೈಯಲ್ಲಿ ಕಳಿಸಲು ಧಣಿಗಳಿಗೆ ಮನಸ್ಸಾಗಲಿಲ್ಲ. ತಮ್ಮ ಶಾಲು ತೆಗೆದು ಅವರಿಗೆ ಹೊದೆಸಿ, ಪೇಟ ಅವರ ತಲೆಗಿಟ್ಟು, "ಒಳಗೆ ಸ್ಟೇಜಿನ ಮೇಲೆ ಹೋಗಿ ಕೂರಿ, ಅಲ್ಲಿ ಕೊಡ್ತಾರೆ," ಎಂದರು.

"ಕೊಟ್ರಾ?"

"ಕೊಟ್ರು! ಹಣ್ಣಿನ ತಟ್ಟೆ, ಹಾರ, ಇನ್ನೊಂದು ಶಾಲು. ನನ್ನ ಸೇವೆಯ ಬಗ್ಗೆ ಭಾಷಣ ಕೂಡ ಮಾಡಿದ್ರು. ಅವರ ಮುಖ ಒಬ್ಬರೂ ನೋಡಲಿಲ್ಲ, ಶಾಲು ಇತ್ತಲ್ಲ. ಫೋಟೋ ತೆಗೆದ್ರು. ನಾನು ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು ಹಿಂದಿನ ಕಂಬದ ಹತ್ತಿರ ಕೂತು ಪಾಠ ಪೂರ್ತಿ ಕೇಳಿದೆ, ಅಕ್ಕ. ಒಂದೊಂದು ಶಬ್ದ ಸ್ಪಷ್ಟ! ಅವರು ನಾಳೆಯೂ ಬರ್ತಾರಂತೆ."

"ನಾಳೆ ಫೋನ್ ಮಾಡಿ."

"ಇಲ್ಲ. ಫೋನ್ ಗೇಟಿನಲ್ಲಿ ಕೊಡ್ತೇನೆ. ವಿದ್ಯಾರ್ಥಿಗಳಿಗೆ ಫೋನ್ ಇಲ್ಲ," ಎಂದು ಹೆಮ್ಮೆಯಿಂದ ಇಟ್ಟುಬಿಟ್ಟರು.

ಅವರು ವಾಪಸು ಬಂದ ವಾರ ವರದಿಯ ಸಭೆ. ಸಭಾಂಗಣ ತುಂಬಿಹೋಗಿತ್ತು. ನಾನು ಕ್ಲಿನಿಕ್ ಮುಗಿಸಿ ಬರುವಾಗ ಸ್ವಲ್ಪ ತಡವಾಗಿತ್ತು. ಮೊದಲ ಸಾಲಿನಲ್ಲಿ ಧಣಿಗಳಿಲ್ಲ. ಹುಡುಕಿದರೆ ಕೊನೆಯ ಸಾಲಿನಲ್ಲಿ, ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆಗಳ ಪಕ್ಕ, ಬೈರಾಸು ಹಾಕಿಕೊಂಡು ಕೂತಿದ್ದಾರೆ.

"ಇಲ್ಲೇನು ಮಾಡ್ತಿದ್ದೀರಿ? ಮೊದಲು ನಿಮಗೆ ಸನ್ಮಾನ ಅಂತೆ!" ಎಂದೆ.

"ಆಗ್ತಾ ಉಂಟಲ್ಲ," ಎಂದು ಗದ್ದದಿಂದ ಸ್ಟೇಜಿನ ಕಡೆ ತೋರಿಸಿದರು.

ಸ್ಟೇಜಿನ ಕುರ್ಚಿಯಲ್ಲಿ ಕಫೀಲರು ಕೂತಿದ್ದರು. ಸಹಮ್‌ನಿಂದ ಧಣಿಗಳನ್ನು ಕರೆತಂದವರನ್ನು ಧಣಿಗಳೇ ಗೌರವದಿಂದ ಮೇಲೆ ಕೂರಿಸಿ ಇಳಿದುಬಂದಿದ್ದರು. ಮಂಡಳಿಯ ಅಧ್ಯಕ್ಷರು ಶಾಲು ಬಿಡಿಸಿದ ಮೇಲೆಯೇ ಮುಖ ನೋಡಿದ್ದು. ಆದರೆ ಹೆಸರು ಕೂಗಿ ಆಗಿತ್ತು, ಕುರ್ಚಿಯಲ್ಲಿ ಒಬ್ಬರಿದ್ದರು, ಶಾಲು ಕೈಯಲ್ಲಿತ್ತು. ಅಷ್ಟಾದ ಮೇಲೆ ನಮ್ಮವರು ನಿಲ್ಲಿಸುವವರಲ್ಲ. ಬಿಳಿ ನಿಲುವಂಗಿ ದಿಶ್‌ದಾಶಾದ ಮೇಲೆ ಶಾಲು ಬಿತ್ತು. ಒಮಾನಿ ಟೊಪ್ಪಿಯ ಮೇಲೆ ಮೈಸೂರು ಪೇಟ ಕೂತಿತು. ಅಧ್ಯಕ್ಷರು ಬರೆದುಕೊಂಡು ಬಂದ ಭಾಷಣವನ್ನು ಒಂದಕ್ಷರ ಬಿಡದೆ ಓದಿದರು: "ಕಾರ್ಕಳದ ಮಣ್ಣಿನ ಮಗ, ತುಳುನಾಡಿನ ಹೆಮ್ಮೆ..."

ಕಾರ್ಕಳದ ಮಣ್ಣಿನ ಮಗ ಎದೆಯ ಮೇಲೆ ಕೈಯಿಟ್ಟು ಬಾಗಿದರು. ಎರಡು ಮಾತು ಎಂದು ಮೈಕ್ ಕೊಟ್ಟಾಗ ಹಿಂದಿಯಲ್ಲಿ, "ಮೇರಾ ಭಾಯಿ ಪಢ್ನೇ ಗಯಾ ಥಾ. ಅಕೇಲೇ ಚಾಯ್ ಪೀನೇ ಮೇಂ ಮಜಾ ನಹೀಂ ಥಾ. ಅಬ್ ಆ ಗಯಾ. ಖಲಾಸ್," ಎಂದು ಕೂತರು. ನಮ್ಮ ಮಂಡಳಿ ಕೇಳಿದ ಅತ್ಯುತ್ತಮ ವರದಿ ಅದು. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು, ನಗುವಿಗೋ ಯಾತಕ್ಕೋ.

ಆ ಗದ್ದಲದಲ್ಲಿ ನಾನು ಧಣಿಗಳ ಕಡೆ ಬಗ್ಗಿ, ಇಷ್ಟು ವರ್ಷ ಅವರು ಕೇಳಿದ್ದನ್ನು ಅವರನ್ನೇ ಕೇಳಿದೆ. "ಹೇಳಿ ಈಗ. ನಾನು ಅಂದ್ರೆ ಯಾರು?"

ಧಣಿಗಳು ಸ್ಟೇಜನ್ನೇ ನೋಡುತ್ತಿದ್ದರು. ಅಂಥ ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. "ಪೂರ್ತಿ ಗೊತ್ತಾಗ್ಲಿಲ್ಲ ಅಕ್ಕ. ಅರ್ಧ ಖಂಡಿತ ಗೊತ್ತಾಯ್ತು. ಆ ಶಾಲು ಹೊದ್ದು ಕೂತವ ನಾನಲ್ಲ."

"ಇನ್ನರ್ಧ?"

"ಬರುವ ವರ್ಷ. ನನ್ನ ಹೆಸರು ಹಾಕಿಕೊಳ್ಳಿ."

"ಆಗಲ್ಲ. ಒಮ್ಮೆ ಹೋದವರಿಗೆ ಇನ್ನೊಮ್ಮೆ ಇಲ್ಲ. ನೀವೇ ಮಾಡಿದ ನಿಯಮ."

"ಹೋದದ್ದು ನಾನಾ?" ಎಂದರು ಧಣಿಗಳು. "ಆಶ್ರಮದವರು ಫೋಟೋ ಕಳಿಸಿದ್ದಾರೆ, ನೋಡಿ ಬೇಕಾದ್ರೆ. ಕೊನೆಯ ದಿನದವರೆಗೂ ಸ್ಟೇಜಿನಲ್ಲಿ ಬೇರೆಯೇ ಯಾರೋ ಕೂತಿದ್ದಾರೆ."